ದೇವರಾಗಿ ಆಡುವವರ ಕಟ್ಟಳೆ

ಹಿರಿಯೂರಿನಿಂದ ಸಿರಾದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಜವನಗೊಂಡನಹಳ್ಳಿ ಎಂಬ ಊರು ಸಿಗುತ್ತದೆ. ಚಿತ್ರದುರ್ಗ, ತುಮಕೂರು ಸೀಮೆಯ ಈ ಬಯಲಿನಲ್ಲಿ ದೇವಾನುದೇವತೆಗಳು ಮನುಷ್ಯರ ಮಧ್ಯೆ ಬಂದು ನಿಲ್ಲುವುದು ಬಯಲಾಟದ ಅಟ್ಟದ ಮೇಲೆ. ಸುಗ್ಗಿಯ ದುಡಿಮೆ ಮುಗಿದ ಮೇಲೆ ಒಕ್ಕಲುಮಕ್ಕಳು ಕಿರೀಟ, ಭುಜಕೀರ್ತಿಗಳನ್ನು ಧರಿಸಿ ಕೃಷ್ಣನೋ ರುದ್ರನೋ ಆಗಿ ಬೆಳಗಿನವರೆಗೆ ಕುಣಿಯುವ ಈ ಆಟಕ್ಕೆ ಮೂಡಲಪಾಯವೆಂದು ಹೆಸರು. ವೇಷಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅಡ್ಡನಿಂತು, ತಾವು ಯಾರು, ಬಂದ ಕಾರಣವೇನು ಎಂದು ವಿಚಾರಿಸುತ್ತಾನೆ. ಮೂರು ಲೋಕದ ಒಡೆಯನಾದರೂ ಸರಿಯೆ, ಹೆಸರು ಹೇಳದೆ ಮುಂದಿನ ಹೆಜ್ಜೆಯಿಲ್ಲ! ಆದರೆ ಆ ದೇವರು ಆಡತಕ್ಕ ಮಾತನ್ನು ಕವಿ ಮೊದಲೇ ಬರೆದಿಟ್ಟಿರುತ್ತಾನೆ. ಆಟ ಕಲಿಸುವ ಗುರು ಅದನ್ನು ಬಾಯಿಪಾಠ ಮಾಡಿಸಿರುತ್ತಾನೆ.

ಆ ಬರೆದ ಮಾತನ್ನು ತೆಗೆದಿಟ್ಟು, ದೇವರಾದವನು ತನಗೆ ತೋಚಿದ್ದನ್ನು ಆಡಬಹುದು ಎಂದುಬಿಟ್ಟರೆ ಏನಾದೀತು? ಸರ್ವಶಕ್ತನೊಬ್ಬ ಕುಳಿತಲ್ಲಿ ಎದುರಾಳಿಗೆ ಮಾಡಲು ಏನು ಉಳಿದೀತು? ಈ ತೊಡಕು ಇಂದಿನ ಆಟಗಾರರಿಗೂ ಹೊಸದಲ್ಲ. ಅಮೆರಿಕದಲ್ಲಿ 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದ ಮೇಲೆ, ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ಕಟ್ಟುವ ವಿನೋದ ಎಲ್ಲೆಡೆ ಹಬ್ಬಿತು. ಮುಂದೆ ಆಟಗಾರರೇ ದೇವರುಗಳಾಗಿ ಬೆಟ್ಟ, ಕಡಲು, ಜನಾಂಗಗಳನ್ನು ಕೂಡಿ ಸೃಷ್ಟಿಸುವ ಆಟಗಳೂ ಹುಟ್ಟಿದವು. ದೇವರ ಶಕ್ತಿಗೆ ಮಿತಿ ಹಾಕದೆ ಅವು ನಡೆಯಲಾರವು. ಒಂದು ಸರದಿಯಲ್ಲಿ ಇಷ್ಟೇ ಶಕ್ತಿಯನ್ನು ವ್ಯಯಿಸಬಹುದೆಂದು ಅಂಕಗಳ ಲೆಕ್ಕ ಇಡುವುದುಂಟು. ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ಕನ್ನಡಿಗರು ಇದೇ ತೊಡಕನ್ನು ಎಂದೋ ಬಿಡಿಸಿದ್ದಾರೆ, ಅದೂ ಅಂಕಗಳ ಹಂಗಿಲ್ಲದೆ. ಆ ಆಟವೇ ತಾಳಮದ್ದಳೆ.

ವೇಷವಿಲ್ಲದ ದೇವರು

ಪತ್ತನಾಜೆ ಕಳೆದು ಮೇ ತಿಂಗಳ ಕೊನೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ಮಳೆಗಾಲದ ಈ ಕೂಟಗಳಿಗೆ ಕಳೆಯೇರುತ್ತದೆ. ಹೊರಗೆ ಜಡಿಮಳೆ, ಒಳಗೆ ಮನೆಯ ಚಾವಡಿಯಲ್ಲೋ ದೇವಸ್ಥಾನದ ಅಂಗಳದಲ್ಲೋ ಒಂದು ಚಾಪೆ. ನಡುವೆ ಭಾಗವತ, ಅವನ ಬಳಿ ಮದ್ದಳೆ, ಚೆಂಡೆ. ಎರಡು ಕಡೆ ಎದುರುಬದುರಾಗಿ ಶಾಲು ಹೊದೆದ ಗೃಹಸ್ಥರು. ಬಣ್ಣವಿಲ್ಲ, ಕಿರೀಟವಿಲ್ಲ, ಕುಣಿತವಿಲ್ಲ. ಶಾಲೆಯ ಉಪಾಧ್ಯಾಯರು, ವಕೀಲರು, ಅಡಕೆ ತೋಟದ ಯಜಮಾನರು ಆ ರಾತ್ರಿಯ ಮಟ್ಟಿಗೆ ರಾಮ, ವಾಲಿ, ತಾರೆಯರಾಗುತ್ತಾರೆ. ಭಾಗವತ ನಾಲ್ಕು ಸಾಲಿನ ಒಂದು ಪದ್ಯವನ್ನು ಹಾಡುತ್ತಾನೆ. ಅದರ ಅರ್ಥವನ್ನು ತನ್ನ ಪಾತ್ರದ ಬಾಯಿಂದ, ಆ ಕ್ಷಣದಲ್ಲಿ ಹೊಳೆದ ಮಾತಿನಿಂದ ಬೆಳೆಸತಕ್ಕವನು ಅರ್ಥಧಾರಿ. ನಾಲ್ಕು ಸಾಲಿಗೆ ಅರ್ಧ ಗಂಟೆ ಮಾತಾಡುವವರು ಇಲ್ಲದಿಲ್ಲ. ಮಾತು ಹಳಿ ತಪ್ಪಿತೆಂದು ಕಂಡರೆ ಭಾಗವತ ಮುಂದಿನ ಪದ್ಯವನ್ನು ಎತ್ತಿಕೊಳ್ಳುತ್ತಾನೆ. ಆಗ ದೇವೇಂದ್ರನಾದರೂ ಬಾಯಿ ಮುಚ್ಚಲೇಬೇಕು.

ಇದಕ್ಕೆ ಅಚ್ಚಾದ ನಿಯಮಾವಳಿಯಿಂದ ನಡೆಯುವ ನ್ಯಾಯಾಲಯವಿಲ್ಲ. ಕಟ್ಟಳೆಗಳೆಲ್ಲ ರೂಢಿಯಿಂದ ಬಂದವು. ಎಲ್ಲಕ್ಕೂ ಮೊದಲನೆಯದು, ಕಥೆಯ ಕೊನೆ ಬದಲಾಗತಕ್ಕದ್ದಲ್ಲ. ವಾಲಿ ಎಷ್ಟು ಚೆನ್ನಾಗಿ ವಾದಿಸಿದರೂ ಬಾಣ ಅವನ ಎದೆಯಿಂದ ಹೊರಬರುವುದಿಲ್ಲ. ಕರ್ಣ ಪಾಂಡವರ ಕಡೆಗೆ ಹೋಗುವುದಿಲ್ಲ. ಗೆಲುವು ಸೋಲುಗಳು ಮೊದಲೇ ತೀರ್ಮಾನವಾದ ಮೇಲೆ ಆಟದಲ್ಲಿ ಸ್ವಾರಸ್ಯವೇನು ಎಂದು ಹೊಸಬರಿಗೆ ಅನ್ನಿಸುವುದು ಸಹಜವೇ. ಆದರೆ ಮರಣ ಖಚಿತವಾದದ್ದರಿಂದಲೇ ವಾಲಿಯ ನಾಲಗೆಗೆ ಸ್ವಾತಂತ್ರ್ಯ ದೊರೆತಿದೆ. ಸಾಯುವವನು ಏನನ್ನು ಬೇಕಾದರೂ ಕೇಳಬಹುದು. ಬಾಣ ಬಿಟ್ಟವನು ಉತ್ತರ ಹೇಳಲೇಬೇಕು.

ವಾಲಿಯ ಪ್ರಶ್ನೆ

ವಾಲ್ಮೀಕಿಯ ಕಿಷ್ಕಿಂಧಾ ಕಾಂಡದಲ್ಲೇ ಈ ಮೊಕದ್ದಮೆಯ ಬೀಜವಿದೆ. ನಿನ್ನ ನಾಡಿಗೆ ನಾನು ಕೇಡು ಮಾಡಲಿಲ್ಲ, ಬೇರೊಬ್ಬನೊಡನೆ ಹೋರಾಡುತ್ತಿದ್ದಾಗ ಮರೆಯಿಂದೇಕೆ ಹೊಡೆದೆ ಎಂದು ವಾಲಿ ಕೇಳುತ್ತಾನೆ. ರಾಮನ ಸಮಾಧಾನ ಒಂದಲ್ಲ, ಎರಡು. ಈ ಭೂಮಿ ಇಕ್ಷ್ವಾಕುಗಳದು, ತಮ್ಮನ ಹೆಂಡತಿ ರುಮೆಯನ್ನು ನೀನು ಇಟ್ಟುಕೊಂಡೆ, ಅದಕ್ಕೆ ದಂಡನೆ ಎಂಬುದು ಮೊದಲನೆಯದು. ನೀನು ಶಾಖಾಮೃಗ, ಮೃಗವನ್ನು ಬೇಟೆಗಾರ ಮರೆಯಿಂದಲೂ ಹೊಡೆಯಬಹುದು ಎಂಬುದು ಎರಡನೆಯದು.

ಈ ಎರಡು ಉತ್ತರಗಳ ನಡುವಿನ ಸಂದಿನಲ್ಲಿ ಅರ್ಥಧಾರಿ ಕೈಹಾಕುತ್ತಾನೆ. ನಾನು ಮೃಗವಾದರೆ ಮೃಗಕ್ಕೆ ಪರಸ್ತ್ರೀ ಎಂಬ ದೋಷವೆಲ್ಲಿಯದು? ದೋಷ ತಟ್ಟುವಷ್ಟು ಧರ್ಮಿಷ್ಠ ನಾನಾದರೆ, ವಿಚಾರಣೆಯಿಲ್ಲದೆ ಮರೆಯಿಂದ ಹೊಡೆದದ್ದೇಕೆ? ರಾಮನಾಗಿ ಕುಳಿತವನ ಹಣೆಯಲ್ಲಿ ಬೆವರು ಮೂಡುವ ಗಳಿಗೆ ಇದು. ‘ನಾನು ಸಾಕ್ಷಾತ್ ವಿಷ್ಣು, ನನ್ನ ಇಚ್ಛೆ’ ಎಂದುಬಿಟ್ಟರೆ ಮಾತು ಮುಗಿಯುತ್ತದೆ. ಆದರೆ ಹಾಗೆನ್ನುವಂತಿಲ್ಲ. ಮನುಷ್ಯನಾಗಿ ಅವತರಿಸಿದ ರಾಮ ಮನುಷ್ಯನ ಕಾರಣಗಳನ್ನೇ ಕೊಡಬೇಕು. ದೈವತ್ವವನ್ನು ಗುರಾಣಿ ಮಾಡಿಕೊಂಡ ರಾಮನನ್ನು ಬಲ್ಲ ಪ್ರೇಕ್ಷಕರು ಮೆಚ್ಚುವುದಿಲ್ಲ. ಭಕ್ತರಂತೂ ಇನ್ನೂ ಮೆಚ್ಚುವುದಿಲ್ಲ.

ವಾಲಿಗಾದರೂ ಕಡಿವಾಣವಿಲ್ಲವೆ? ಉಂಟು. ಅರ್ಥಧಾರಿ ತನ್ನ ಬಾಯಿಂದ ಹೇಳಿದ್ದು ಆ ರಾತ್ರಿಯ ಲೋಕದಲ್ಲಿ ನಡೆದ ಸಂಗತಿಯಾಗಿ ನಿಲ್ಲುತ್ತದೆ, ಅದನ್ನು ಹಿಂದಕ್ಕೆ ಪಡೆಯುವಂತಿಲ್ಲ. ನಾಲ್ಕು ಕಡಲುಗಳಲ್ಲಿ ಸಂಧ್ಯಾವಂದನೆ ಮಾಡಿದವನು ನಾನು, ರಾವಣನನ್ನು ಕಂಕುಳಲ್ಲಿ ಇರುಕಿಕೊಂಡವನು ನಾನು ಎಂದು ಪ್ರವೇಶದಲ್ಲಿ ವಾಲಿ ಜಂಬ ಕೊಚ್ಚಿದ್ದರೆ, ಕೊನೆಯಲ್ಲಿ ‘ನಾನು ಬರಿಯ ಕಪಿ, ನನಗೆ ಧರ್ಮವೆಲ್ಲಿ?’ ಎಂದು ಜಾರಿಕೊಳ್ಳಲಾರ. ಚುರುಕಾದ ರಾಮ ಆ ಸಂಧ್ಯಾವಂದನೆಯನ್ನೇ ನೆನಪು ಮಾಡಿಕೊಡುತ್ತಾನೆ. ಹೀಗೆ ಇಬ್ಬರೂ ಸೇರಿ ಕಟ್ಟಿದ ಕಿಷ್ಕಿಂಧೆ ಇಬ್ಬರನ್ನೂ ಕಟ್ಟಿಹಾಕುತ್ತದೆ. ಎದುರಾಳಿಯ ಕಲ್ಪನೆ ಹೊಸದೆಂದು ‘ಇದು ಯಾವ ಪುರಾಣದಲ್ಲಿದೆ?’ ಎಂದು ಪಾತ್ರ ಬಿಟ್ಟು ಜಗಳ ತೆಗೆಯುವವರೂ ಇದ್ದಾರೆ. ಅದು ವಿದ್ವತ್ತೇನೋ ಹೌದು, ಆಟ ಅಲ್ಲ.

ಪಾತ್ರಕ್ಕೆ ತಿಳಿಯದ್ದನ್ನು ಅರ್ಥಧಾರಿ ತಿಳಿದಿರಬಾರದು ಎಂಬುದು ಮತ್ತೊಂದು ಕಟ್ಟಳೆ. ಸಂಧಾನಕ್ಕೆ ಬಂದ ಕೃಷ್ಣನೆದುರು ಕುಳಿತ ಕೌರವನಿಗೆ ತನ್ನ ತೊಡೆ ಮುರಿಯುವುದೆಂಬ ಅರಿವಿಲ್ಲ. ತಾನು ಗೆಲ್ಲುವೆನೆಂದೇ ಅವನು ಮಾತಾಡಬೇಕು. ಅಜ್ಞಾತವಾಸದ ಅವಧಿ ತುಂಬುವ ಮೊದಲೇ ಪಾಂಡವರು ಬಯಲಾದರು ಎಂದು ಅವನು ವಾದ ಹೂಡಬಹುದು. ಐದು ವರ್ಷಕ್ಕೆ ಎರಡು ಅಧಿಕಮಾಸಗಳು ಬರುತ್ತವೆ, 13 ವರ್ಷಗಳಿಗೆ 5 ತಿಂಗಳು 12 ರಾತ್ರಿ ಹೆಚ್ಚಾಗುತ್ತದೆ ಎಂದು ಮಹಾಭಾರತದಲ್ಲಿ ಭೀಷ್ಮ ಕೊಟ್ಟ ಲೆಕ್ಕ ಕೃಷ್ಣನ ಕೈಯಲ್ಲಿದೆ. ಒಂದು ರಾಜ್ಯದ ಹಕ್ಕು ಪಂಚಾಂಗದ ಮೇಲೆ ತೂಗಾಡುವುದನ್ನು ನೋಡುತ್ತ ಸಭೆ ಉಸಿರು ಬಿಗಿಹಿಡಿಯುತ್ತದೆ.

ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳನ್ನು ಹಿಡಿದು ಇಂಥ ಅರ್ಥ ಬೆಳೆಸಿದ ಘಟಾನುಘಟಿಗಳು ಹಲವರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಹರಿಕಥೆಯಲ್ಲೂ ಹೆಸರಾದವರು. ಅವರ ವಾಲಿ, ರಾವಣರನ್ನು ಕೇಳಲೆಂದು ಜನ ಮಳೆಯಲ್ಲಿ ನೆನೆದು ಬರುತ್ತಿದ್ದರು. ದೇರಾಜೆ ಸೀತಾರಾಮಯ್ಯನವರು (1914–1984) ಅದೇ ಕಾಲದ ಮತ್ತೊಂದು ಕಂಠ. ಪುರಾಣದಲ್ಲಿ ಸೋತವರು ಇಂಥವರ ನಾಲಗೆಯಲ್ಲಿ ತಮ್ಮ ಪಕ್ಷವನ್ನು ಪೂರ್ತಿಯಾಗಿ ಹೇಳಿಕೊಂಡರು.

ಬೆಳಗಿನ ಜಾವ ಭಾಗವತ ಮಂಗಳ ಹಾಡುತ್ತಾನೆ. ವಾಲಿ ಅಂಗದನನ್ನು ಒಪ್ಪಿಸಿ ಕಣ್ಣು ಮುಚ್ಚಿಯಾಗಿದೆ. ಶಾಲು ಕೊಡವಿಕೊಂಡು ಎದ್ದ ರಾಮ, ವಾಲಿಯರಿಬ್ಬರೂ ಒಂದೇ ಜಗಲಿಯಲ್ಲಿ ಕುಳಿತು ಕಾಫಿ ಕುಡಿಯುತ್ತಾರೆ. ಮುಂದಿನ ವಾರ ಪಕ್ಕದೂರಿನಲ್ಲಿ ಇದೇ ಪ್ರಸಂಗವಾದರೆ ಪಾತ್ರ ಅದಲು ಬದಲಾಗುವುದೂ ಉಂಟು. ಆಗ ನಿನ್ನೆಯ ವಾಲಿ ರಾಮನಾಗಿ ಕುಳಿತು, ತಾನೇ ಕೇಳಿದ್ದ ಪ್ರಶ್ನೆಗೆ ಉತ್ತರ ಹುಡುಕಬೇಕಾಗುತ್ತದೆ.