ಹಿಂಬಡ್ತಿಯ ನ್ಯಾಯ

ದರ್ಜೆ ಇಳಿದ ನೌಕರನಿಗೆ ಸಂಬಳದೊಡನೆ ಮಾನವೂ ಕುಂದುತ್ತದೆ. ಆದುದರಿಂದಲೇ ಭಾರತ ಸಂವಿಧಾನದ 311ನೆಯ ವಿಧಿಯು, ಸರ್ಕಾರಿ ನೌಕರನನ್ನು ದಂಡನಾರೂಪವಾಗಿ ಕೆಳಗಿಳಿಸುವ ಮುನ್ನ, ಕೆಲವು ಅಪವಾದಗಳನ್ನುಳಿದು, ಆರೋಪವನ್ನು ತಿಳಿಯಪಡಿಸಿ, ವಿಚಾರಣೆ ನಡೆಸಿ, ಆತನ ಸಮಾಧಾನವನ್ನು ಕೇಳತಕ್ಕದ್ದೆಂದು ಕಟ್ಟಳೆಮಾಡಿದೆ.

ಆದರೆ, ಮಹಾಶಯರೇ, ಕೆಳಗಿಳಿಸಿದುದೆಲ್ಲವೂ ದಂಡನೆಯಲ್ಲ. ರೈಲ್ವೆ ನೌಕರ ಧಿಂಗ್ರಾ ಅವರ ಮೊಕದ್ದಮೆಯಲ್ಲಿ, ಹಂಗಾಮಿಯಾಗಿ ಮೇಲಿನ ಹುದ್ದೆಯಲ್ಲಿದ್ದವರನ್ನು ಖಾಯಂ ಹುದ್ದೆಗೆ ಮರಳಿಸಿದುದು ದಂಡನೆಯಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1957ರಲ್ಲಿ ತೀರ್ಮಾನಿಸಿತು. ಆ ಹುದ್ದೆಯಲ್ಲಿ ನೌಕರನಿಗೆ ಹಕ್ಕಿತ್ತೇ? ಆತನ ಖಾಯಂ ವೇತನಕ್ಕೋ ಹಿರಿತನಕ್ಕೋ ಹಾನಿ ತಗುಲಿತೇ? ಇವೇ ಒರೆಗಲ್ಲುಗಳು.

ಶಿಕ್ಷೆಗೂ ಮೇರೆಯುಂಟು. ನೇರವಾಗಿ ನೇಮಕಗೊಂಡವನನ್ನು ಆತನು ಮೊದಲು ಸೇರಿದ ದರ್ಜೆಗಿಂತ ಕೆಳಕ್ಕೆ ತಳ್ಳಲಾಗದೆಂದು ಅದೇ ನ್ಯಾಯಾಲಯವು 1988ರಲ್ಲಿ ಹೇಳಿತು. ಏರಿದ ಮೆಟ್ಟಿಲಿನಿಂದ ಇಳಿಸಬಹುದು. ಎಂದೂ ತುಳಿಯದ ಮೆಟ್ಟಿಲಿಗೆ ದೂಡಬಾರದು.