ಹೆಸರು ಹಿಡಿದು ಕರೆಯುವ ಅಪರಿಚಿತ

ಹಿಂದೆ ನಮ್ಮ ಊರುಗಳಲ್ಲಿ ಒಡವೆಗೆ ಮೆರುಗು ಹಾಕಿಕೊಡುತ್ತೇವೆಂದು ಕೂಗಿಕೊಂಡು ಬೀದಿಯಲ್ಲಿ ಬರುವವರಿದ್ದರು. ಮನೆಯಲ್ಲಿ ಹೆಂಗಸರು ಮಾತ್ರ ಇರುವ ಹೊತ್ತು ನೋಡಿ ಬರುವರು. ಬಳೆಯನ್ನು ಯಾವುದೋ ದ್ರಾವಣದಲ್ಲಿ ಅದ್ದಿ ತಳತಳಿಸುವಂತೆ ಮಾಡಿ ಕೊಡುವರು. ಅವರು ಹೋದ ಮೇಲೆ ತೂಗಿ ನೋಡಿದರೆ ಚಿನ್ನ ಕಡಿಮೆಯಾಗಿರುವುದು. ಆದರೂ ಆ ಮೋಸಗಾರನಿಗೆ ಮೂರು ತೊಡಕುಗಳಿದ್ದವು. ಅವನು ಬಾಗಿಲವರೆಗೆ ಬರಬೇಕಾಗಿತ್ತು. ತನ್ನ ಮುಖ ತೋರಿಸಬೇಕಾಗಿತ್ತು. ಒಳಗಿರುವವರ ಹೆಸರಾಗಲಿ ಅವರ ಪೆಟ್ಟಿಗೆಯಲ್ಲಿ ಏನಿದೆಯೆಂಬುದಾಗಲಿ ಅವನಿಗೆ ತಿಳಿದಿರುತ್ತಿರಲಿಲ್ಲ. ಇಂದು ಮೊಬೈಲಿನಲ್ಲಿ ಕರೆ ಮಾಡುವ ಮೋಸಗಾರ ಬಾಗಿಲಿಗೆ ಬರುವುದಿಲ್ಲ, ಮುಖ ತೋರಿಸುವುದಿಲ್ಲ. ಆದರೆ ನಮ್ಮ ಹೆಸರು ಹಿಡಿದು ಮಾತನಾಡಿಸುತ್ತಾನೆ. ನಮ್ಮ ಊರು, ಕೆಲಸ, ಬ್ಯಾಂಕು ಯಾವುದೆಂಬುದನ್ನೂ ಕೆಲವೊಮ್ಮೆ ಹೇಳುತ್ತಾನೆ. "ಇಷ್ಟೆಲ್ಲ ತಿಳಿದವನು ಸುಳ್ಳುಗಾರನಿರಲಾರ" ಎಂದು ನಾವು ನಂಬಿಬಿಡುತ್ತೇವೆ. ಈ ನಂಬಿಕೆ ಏಕೆ ತಪ್ಪು, ಅವನಿಗೆ ನಮ್ಮ ವಿವರಗಳು ಎಲ್ಲಿಂದ ದೊರೆಯುತ್ತವೆ, ನಾವು ಮಾಡಬೇಕಾದುದೇನು ಎಂಬುದನ್ನು ಕ್ರಿಪ್ಟೋ ಹೆಸರಿನ ಮೋಸದ ಕರೆಗಳನ್ನು ಉದಾಹರಣೆಯಾಗಿ ಇಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ.

ಮೊದಲು ಈ ಹೊಸ ನಾಣ್ಯದ ಸ್ವರೂಪವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಇವುಗಳಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ನಿನ ಕಲ್ಪನೆಯನ್ನು 2008ರಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಪ್ರಕಟವಾದ ಒಂದು ಪ್ರಬಂಧ ಮುಂದಿಟ್ಟಿತು. 2009ರ ಜನವರಿಯಲ್ಲಿ ಅದು ಚಲಾವಣೆಗೆ ಬಂತು. ಇದಕ್ಕೆ ಲೋಹವೂ ಇಲ್ಲ, ಕಾಗದವೂ ಇಲ್ಲ. ಯಾರಿಂದ ಯಾರಿಗೆ ಎಷ್ಟು ಹೋಯಿತೆಂಬ ಲೆಕ್ಕದ ಪುಸ್ತಕವೇ ಈ ನಾಣ್ಯ. ಆ ಪುಸ್ತಕವನ್ನು ಒಂದು ಬ್ಯಾಂಕು ಇಟ್ಟುಕೊಂಡಿರದೆ ಲೋಕದ ನಾನಾ ಕಡೆಯ ಕಂಪ್ಯೂಟರುಗಳು ಏಕಕಾಲದಲ್ಲಿ ಬರೆದಿಡುತ್ತವೆ. ತನ್ನ ಪಾಲಿನ ನಾಣ್ಯವನ್ನು ತಾನೇ ಇಟ್ಟುಕೊಳ್ಳುವವನ ಕೈಯಲ್ಲಿ ಸಾಮಾನ್ಯವಾಗಿ 12 ಅಥವಾ 24 ಪದಗಳ ಒಂದು ಗುಪ್ತಸಾಲು ಇರುತ್ತದೆ. 2048 ಪದಗಳ ಒಂದು ನಿಶ್ಚಿತ ಪಟ್ಟಿಯಿಂದ ಆರಿಸಿದ ಪದಗಳಿವು. ಈ ಪದಗಳನ್ನು ಬಲ್ಲವನೇ ಹಣದ ಒಡೆಯ.

ಇದರಿಂದ ಎರಡು ಪರಿಣಾಮಗಳುಂಟು. ಒಮ್ಮೆ ಕಳಿಸಿದ ನಾಣ್ಯ ಹಿಂದಕ್ಕೆ ಬರುವುದಿಲ್ಲ. ಚೆಕ್ಕನ್ನು ತಡೆಹಿಡಿಯಿರೆಂದು ಅರ್ಜಿ ಕೊಡಲು ಇಲ್ಲಿ ಮ್ಯಾನೇಜರೆಂಬವನೇ ಇಲ್ಲ. ಎರಡನೆಯದಾಗಿ, ಗುಪ್ತಪದಗಳನ್ನು ಕಳ್ಳನು ಕದ್ದರೂ ಒಂದೇ, ನಾವೇ ಬಾಯಿಬಿಟ್ಟು ಹೇಳಿದರೂ ಒಂದೇ. ಬೀಗ ಒಡೆಯುವುದು ಕಷ್ಟ, ಕೀಲಿಕೈಯನ್ನು ಕೇಳಿ ಪಡೆಯುವುದು ಸುಲಭ. ಮೋಸಗಾರರು ಟೆಲಿಫೋನನ್ನು ಹಿಡಿದಿರುವುದು ಇದಕ್ಕಾಗಿಯೇ.

ನಮ್ಮ ದೇಶದ ಕಾನೂನು ಇದನ್ನು ಹೇಗೆ ಕಾಣುತ್ತದೆಂಬುದನ್ನೂ ತಿಳಿದಿರುವುದು ಒಳ್ಳೆಯದು. ಬ್ಯಾಂಕುಗಳು ಈ ವ್ಯವಹಾರಕ್ಕೆ ಸೇವೆ ಒದಗಿಸಬಾರದೆಂದು ರಿಜರ್ವ್ ಬ್ಯಾಂಕು 2018ರಲ್ಲಿ ಹೊರಡಿಸಿದ ಸುತ್ತೋಲೆಯನ್ನು ಸುಪ್ರೀಂ ಕೋರ್ಟು 2020ರ ಮಾರ್ಚಿನಲ್ಲಿ ರದ್ದುಗೊಳಿಸಿತು. 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ಶೇಕಡಾ 30ರಷ್ಟು ತೆರಿಗೆ ಬಂದಿದೆ. ಆದರೆ ಇದು ರೂಪಾಯಿಯಂತೆ ಸರಕಾರದ ನಾಣ್ಯವಲ್ಲ. "ಸರಕಾರವೇ ತೆರಿಗೆ ತೆಗೆದುಕೊಳ್ಳುತ್ತಿದೆ, ಆದುದರಿಂದ ಭಯವಿಲ್ಲ" ಎಂದು ಕರೆ ಮಾಡುವವನು ಹೇಳುವುದುಂಟು. ತೆರಿಗೆ ವಸೂಲು ಮಾಡುವುದು ಬೇರೆ, ಜಾಮೀನು ನಿಲ್ಲುವುದು ಬೇರೆ.

ಕರೆಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು. ಮೊದಲನೆಯವನು ನಾಣ್ಯದ ವ್ಯಾಪಾರ ನಡೆಸುವ ಸಂಸ್ಥೆಯ ರಕ್ಷಣಾ ವಿಭಾಗದವನೆಂದು ಹೇಳಿಕೊಳ್ಳುತ್ತಾನೆ. "ನಿಮ್ಮ ಖಾತೆಗೆ ಯಾರೋ ಕೈಹಾಕಿದ್ದಾರೆ, ಹಣವನ್ನು ಕೂಡಲೇ ನಾವು ಹೇಳುವ ಸುರಕ್ಷಿತ ಖಾತೆಗೆ ವರ್ಗಾಯಿಸಿ" ಎಂಬುದು ಅವನ ಮಾತು. ಎರಡನೆಯವನು ಲಾಭದ ಆಸೆ ತೋರಿಸುತ್ತಾನೆ. ಮೊದಲು ಸ್ವಲ್ಪ ಹಣ ಹಾಕಿಸಿ, ಅದು ಬೆಳೆದಂತೆ ಮೊಬೈಲಿನ ಪರದೆಯ ಮೇಲೆ ತೋರಿಸಿ, ಒಮ್ಮೆ ಸಣ್ಣ ಮೊತ್ತವನ್ನು ಹಿಂದಿರುಗಿಸಿ, ಆಮೇಲೆ ದೊಡ್ಡ ಮೊತ್ತವನ್ನು ನುಂಗುತ್ತಾನೆ. ಗೇನ್‌ಬಿಟ್‌ಕಾಯಿನ್ ಎಂಬ ಯೋಜನೆ ಪುಣೆಯ ವಾಚಕರಿಗೆ ನೆನಪಿರಬಹುದು. ತಿಂಗಳಿಗೆ ಶೇಕಡಾ 10ರಂತೆ 18 ತಿಂಗಳು ಕೊಡುವುದಾಗಿ ಅದು ಆಸೆ ಹುಟ್ಟಿಸಿತ್ತು. 2018ರಲ್ಲಿ ಪುಣೆಯ ಪೋಲೀಸರು ಅದರ ಮುಖ್ಯ ಆರೋಪಿಯನ್ನು ಬಂಧಿಸಿದರು. ಮೂರನೆಯವನು ಎಲ್ಲರಿಗಿಂತ ನಿರ್ದಯಿ. ಈಗಾಗಲೇ ಹಣ ಕಳೆದುಕೊಂಡವರನ್ನೇ ಹುಡುಕಿ, ತಾನು ವಕೀಲನೆಂದೋ ಅಧಿಕಾರಿಯೆಂದೋ ಹೇಳಿ, ಕಳೆದುದನ್ನು ಕೊಡಿಸಲು ಶುಲ್ಕ ಕೇಳುತ್ತಾನೆ. ಸುಟ್ಟ ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ. ಹಿಂದೆ ಮೋಸ ಹೋದವರ ಹೆಸರುಗಳೂ ಪಟ್ಟಿಯಾಗಿ ಕೈಯಿಂದ ಕೈಗೆ ಹೋಗುತ್ತವೆಂಬುದಕ್ಕೆ ಇಂಥ ಕರೆಗಳೇ ಸಾಕ್ಷಿ.

ಇದರ ಪ್ರಮಾಣ ಅಲ್ಪವಲ್ಲ. ಕ್ರಿಪ್ಟೋ ಸಂಬಂಧವಾಗಿ 2024ರಲ್ಲಿ ಅಮೇರಿಕೆಯ ಎಫ್‌ಬಿಐಗೆ ಬಂದ ದೂರುಗಳು ಒಂದೂವರೆ ಲಕ್ಷದ ಹತ್ತಿರ. ಅವುಗಳಲ್ಲಿ ತಿಳಿಸಿದ ನಷ್ಟ 930 ಕೋಟಿ ಡಾಲರು. ಅದರಲ್ಲಿ 60 ವರ್ಷ ದಾಟಿದವರು ಕಳೆದುಕೊಂಡುದೇ ಸುಮಾರು 280 ಕೋಟಿ ಡಾಲರು.

ಇನ್ನು ನಮ್ಮ ವಿವರಗಳು ಇವರಿಗೆ ಹೇಗೆ ಸಿಗುತ್ತವೆಂಬ ಪ್ರಶ್ನೆ. ಇದಕ್ಕೆ ಎರಡು ಘಟನೆಗಳನ್ನು ನೋಡೋಣ.

ಲೆಡ್ಜರ್ ಎಂಬ ಫ್ರಾನ್ಸಿನ ಸಂಸ್ಥೆ ಗುಪ್ತಕೀಲಿಯನ್ನು ಭದ್ರವಾಗಿಡುವ ಒಂದು ಚಿಕ್ಕ ಯಂತ್ರವನ್ನು ಮಾರುತ್ತದೆ. 2020ರಲ್ಲಿ ಅದರ ಗಿರಾಕಿಗಳ ಪಟ್ಟಿ ಕಳುವಾಯಿತು. ಆ ವರ್ಷದ ಡಿಸೆಂಬರಿನಲ್ಲಿ ಸುಮಾರು 2,72,000 ಜನರ ಹೆಸರು, ಮನೆಯ ವಿಳಾಸ ಮತ್ತು ದೂರವಾಣಿ ಸಂಖ್ಯೆಗಳು ಯಾರು ಬೇಕಾದರೂ ನೋಡುವಂತೆ ಅಂತರ್ಜಾಲದಲ್ಲಿ ಬಿದ್ದವು. ಯಂತ್ರಗಳಿಗೆ ಏನೂ ಆಗಿರಲಿಲ್ಲ. ಯಾರ ಗುಪ್ತಪದಗಳೂ ಹೊರಬಿದ್ದಿರಲಿಲ್ಲ. ಆದರೆ ಯಾರ ಮನೆಯಲ್ಲಿ ಕ್ರಿಪ್ಟೋ ಇರಬಹುದೆಂಬ ಪಟ್ಟಿ ಕಳ್ಳರ ಕೈಗೆ ಸಿದ್ಧವಾಗಿ ಸಿಕ್ಕಿತು. ಗಿರಾಕಿಗಳಿಗೆ ಸುಳ್ಳು ಸಂದೇಶಗಳೂ ಕರೆಗಳೂ ಬರತೊಡಗಿದವು. 2021ರಲ್ಲಿ ಕೆಲವರ ಮನೆಗೆ ಅಂಚೆಯಲ್ಲಿ ಕಪಟ ಯಂತ್ರಗಳೇ ಬಂದವು. 2025ರಲ್ಲಿಯೂ ಈ ಯಂತ್ರವನ್ನು ಬಳಸುವವರಿಗೆ ಸಂಸ್ಥೆಯ ಹೆಸರಿನಲ್ಲಿ ಸುಳ್ಳು ಕಾಗದಗಳು ಬಂದು 24 ಪದಗಳನ್ನು ಕೇಳಿದವು.

ಎರಡನೆಯದು ಅಮೇರಿಕೆಯ ಕಾಯಿನ್‌ಬೇಸ್ ಎಂಬ ದೊಡ್ಡ ಸಂಸ್ಥೆಯದು. 2025ರ ಮೇ ತಿಂಗಳಲ್ಲಿ ಅದು ಹೊರಗೆಡಹಿದ ಸಂಗತಿ ಇದು: ಹೊರದೇಶಗಳಲ್ಲಿ ಅದರ ಗಿರಾಕಿಗಳ ಪ್ರಶ್ನೆಗಳಿಗೆ ಉತ್ತರ ಕೊಡುವ ಕೆಲಸದಲ್ಲಿದ್ದ ಕೆಲವರಿಗೆ ಮೋಸಗಾರರು ಲಂಚ ಕೊಟ್ಟು 69,461 ಜನರ ವಿವರಗಳನ್ನು ತೆಗೆಸಿಕೊಂಡಿದ್ದರು. ಸುಮ್ಮನಿರಬೇಕಾದರೆ 2 ಕೋಟಿ ಡಾಲರು ಕೊಡಬೇಕೆಂದು ಅವರು ಬೆದರಿಸಿದರು. ಸಂಸ್ಥೆ ಅದನ್ನು ನಿರಾಕರಿಸಿ, ಅಷ್ಟೇ ಮೊತ್ತವನ್ನು ಅಪರಾಧಿಗಳನ್ನು ಹಿಡಿದುಕೊಡುವವರಿಗೆ ಬಹುಮಾನವೆಂದು ಸಾರಿತು. ಇಲ್ಲಿಯೂ ಕಳುವಾದದ್ದು ಖಾತೆಗಳ ಕೀಲಿಯಲ್ಲ. ಹೆಸರು, ವಿಳಾಸ, ದೂರವಾಣಿ, ಗುರುತಿನ ಚೀಟಿಯ ಚಿತ್ರ ಮುಂತಾದವು. ಅವುಗಳನ್ನು ಹಿಡಿದುಕೊಂಡು ಸಂಸ್ಥೆಯವರಂತೆಯೇ ಕರೆ ಮಾಡಿ ಹಣ ಕೀಳುವುದು ಅವರ ಉದ್ದೇಶವಾಗಿತ್ತು. ಇದಕ್ಕೂ ನಮ್ಮ ದೇಶಕ್ಕೂ ಸಂಬಂಧವಿದೆ. ಈ ಪ್ರಕರಣದಲ್ಲಿ ಹಿಂದಿನ ನೌಕರನೊಬ್ಬನನ್ನು ಹೈದರಾಬಾದಿನ ಪೋಲೀಸರು ಬಂಧಿಸಿದರೆಂದು 2025ರ ಡಿಸೆಂಬರಿನಲ್ಲಿ ಆ ಸಂಸ್ಥೆಯ ಮುಖ್ಯಾಧಿಕಾರಿ ಪ್ರಕಟಿಸಿದರು.

ಎರಡು ಘಟನೆಗಳಿಂದಲೂ ತಿಳಿಯುವುದು ಒಂದೇ. ತಿಜೋರಿ ಭದ್ರವಾಗಿದ್ದರೂ ವಿಳಾಸದ ಪುಸ್ತಕ ಕಳುವಾದರೆ ಸಾಕು. ಗುಪ್ತಸಂಖ್ಯೆಯನ್ನು ಬದಲಾಯಿಸಬಹುದು, ಹೆಸರು, ಹುಟ್ಟಿದ ದಿನ, ಇರುವ ಮನೆ ಇವುಗಳನ್ನು ಬದಲಾಯಿಸುವುದು ಹೇಗೆ? ಕರೆ ಮಾಡಿದವನಿಗೆ ನಮ್ಮ ವಿವರ ತಿಳಿದಿದೆಯೆಂದರೆ, ಆ ವಿವರ ಎಲ್ಲಿಯೋ ಸೋರಿದೆಯೆಂದು ಮಾತ್ರ ಅರ್ಥ. ಅವನು ಸತ್ಯವಂತನೆಂದು ಅದರಿಂದ ಸಿದ್ಧವಾಗುವುದಿಲ್ಲ.

ದೊಡ್ಡ ಸಂಸ್ಥೆಗಳ ಮಾತು ಹಾಗಿರಲಿ, ನಾವಾಗಿಯೇ ಹಂಚುವುದೂ ಕಡಿಮೆಯಲ್ಲ. ಅಂಗಡಿಯಲ್ಲಿ ಬಿಲ್ಲು ಮಾಡುವಾಗ ಮೊಬೈಲ್ ಸಂಖ್ಯೆ ಕೇಳಿದರೆ ಹೇಳಿಬಿಡುತ್ತೇವೆ. ಬಹುಮಾನದ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕುತ್ತೇವೆ. ಮಗಳ ಮದುವೆಗೆಂದು ಸಿದ್ಧಪಡಿಸಿದ ಜಾತಕದ ಹಾಳೆಯಲ್ಲಿ ತಂದೆಯ ಉದ್ಯೋಗ, ಸ್ವಂತ ಮನೆ, ಅಣ್ಣ ಯಾವ ದೇಶದಲ್ಲಿದ್ದಾನೆ ಎಂಬುದೆಲ್ಲ ಇರುತ್ತದೆ. ಅದು ವಾಟ್ಸಾಪಿನಲ್ಲಿ ಎಷ್ಟು ಕೈ ದಾಟುತ್ತದೆಂದು ಯಾರು ಬಲ್ಲರು? ಆಧಾರಿನ ನಕಲು ಕೇಳಿದಲ್ಲೆಲ್ಲ ಕೊಡುತ್ತೇವೆ. ಒಂದೊಂದೂ ಸಣ್ಣದೇ. ಆದರೆ ಹನಿಗೂಡಿದರೆ ಹಳ್ಳ. ಇವನ್ನೆಲ್ಲ ಒಟ್ಟುಗೂಡಿಸಿದವನ ಮುಂದೆ ನಮ್ಮ ಸಂಸಾರವೇ ಬಿಚ್ಚಿದ ಪುಸ್ತಕವಾಗುತ್ತದೆ.

ಹೊರನಾಡಿನ ಕನ್ನಡ ಸಂಘಗಳೂ ಈ ವಿಷಯವನ್ನು ಯೋಚಿಸಬೇಕು. ಸದಸ್ಯರ ಹೆಸರು, ವಿಳಾಸ, ದೂರವಾಣಿಗಳನ್ನು ಪುಸ್ತಕವಾಗಿ ಅಚ್ಚು ಮಾಡಿ ಹಂಚುವುದು ಹಿಂದಿನಿಂದ ಬಂದ ಪದ್ಧತಿ. ಪರಸ್ಥಳದಲ್ಲಿ ನಮ್ಮವರು ಎಲ್ಲಿದ್ದಾರೆಂದು ತಿಳಿಯುವುದಕ್ಕೆ ಅದು ಬಹಳ ಉಪಕಾರ ಮಾಡಿದೆ. ಆದರೆ ಆ ಪುಸ್ತಕವೇ ಇಂದು ಒಂದು ಕಡತವಾಗಿ ಮೊಬೈಲಿನಿಂದ ಮೊಬೈಲಿಗೆ ಹಾರಿದರೆ, ಯಾವ ಮನೆಯಲ್ಲಿ ನಿವೃತ್ತರಾದ ಹಿರಿಯರು ಇದ್ದಾರೆಂಬ ಪಟ್ಟಿಯೂ ಅದೇ ಆಗುತ್ತದೆ. ಸದಸ್ಯರ ಒಪ್ಪಿಗೆಯಿಲ್ಲದೆ ಅವರ ಸಂಖ್ಯೆಯನ್ನು ಅಚ್ಚು ಮಾಡದಿರುವುದು, ವಾಚನಾಲಯದ ಮೇಜಿನ ಮೇಲಿನ ಹಾಜರಿ ಪುಸ್ತಕದಲ್ಲಿ ಹೆಸರಿನ ಹೊರತು ಬೇರೇನನ್ನೂ ಬರೆಸದಿರುವುದು, ಇವು ಕಷ್ಟದ ಕೆಲಸಗಳಲ್ಲ. ವ್ಯಕ್ತಿಗಳ ವಿವರಗಳ ರಕ್ಷಣೆಗೆ 2023ರಲ್ಲಿ ಪಾರ್ಲಿಮೆಂಟು ಕಾಯಿದೆ ಮಾಡಿದೆ, 2025ರ ನವೆಂಬರಿನಲ್ಲಿ ಅದರ ನಿಯಮಗಳೂ ಪ್ರಕಟವಾಗಿವೆ. ಆದರೆ ಹೊರಗೆ ಹೋದ ಸಂಖ್ಯೆಯನ್ನು ಯಾವ ಕಾಯಿದೆಯೂ ಮರಳಿ ತರಲಾರದು.

ಇನ್ನೊಂದು ಎಚ್ಚರ ವಿಶೇಷವಾಗಿ ನಮಗೇ ಸಂಬಂಧಿಸಿದ್ದು. ದಿನವಿಡೀ ಮರಾಠಿ, ಹಿಂದಿ, ತಮಿಳು, ತೆಲುಗುಗಳ ನಡುವೆ ಇರುವವರಿಗೆ ಟೆಲಿಫೋನಿನಲ್ಲಿ ಅಚಾನಕವಾಗಿ ಕನ್ನಡದ ದನಿ ಕೇಳಿದರೆ ಮನಸ್ಸು ಕರಗುತ್ತದೆ. "ತಮ್ಮದು ಧಾರವಾಡದ ಕಡೆಯೇನ್ರಿ?" ಎಂದು ಒಬ್ಬನು ಕೇಳಿದರೆ ಅರ್ಧ ಬಾಗಿಲು ಆಗಲೇ ತೆರೆದಂತೆ. ಆ ಪ್ರೀತಿ ತಪ್ಪಲ್ಲ. ಆದರೆ ಮನೆಯ ಹೆಸರು ನೋಡಿಯೇ ಭಾಷೆಯನ್ನು ಊಹಿಸಬಹುದು. ಕನ್ನಡದಲ್ಲಿ ಕುಶಲ ಕೇಳುವುದಕ್ಕೆ ಯಾರಿಗೂ ಅಡ್ಡಿಯಿಲ್ಲ. ಹಣದ ಮಾತು ಬಂದೊಡನೆ ಭಾಷೆಯ ನೆಂಟಸ್ತಿಕೆಯನ್ನು ಬದಿಗಿಡಬೇಕು.

ಹಾಗಾದರೆ ಮಾಡಬೇಕಾದುದೇನು? ಎಲ್ಲಕ್ಕಿಂತ ಮುಖ್ಯವಾದುದು ಇದು: ಹಣ ಅಥವಾ ಖಾತೆಯ ವಿಷಯವಾಗಿ ಯಾರೇ ಕರೆ ಮಾಡಲಿ, ಮಾತು ನಿಲ್ಲಿಸಿ ಫೋನು ಇಡಿ. ಆಮೇಲೆ ಪಾಸ್‌ಬುಕ್ಕಿನಲ್ಲಿಯೋ ಕಾರ್ಡಿನ ಹಿಂಭಾಗದಲ್ಲಿಯೋ ಇರುವ ಸಂಖ್ಯೆಯನ್ನು ನೋಡಿ ನೀವೇ ಕರೆ ಮಾಡಿ. ಕರೆ ಮಾಡಿದವನು ಕೊಟ್ಟ ಸಂಖ್ಯೆಗಾಗಲಿ, ಪರದೆಯ ಮೇಲೆ ಮೂಡಿದ ಸಂಖ್ಯೆಗಾಗಲಿ ಮಾಡಬೇಡಿ; ಪರದೆಯ ಮೇಲೆ ಬೇರೊಬ್ಬರ ಸಂಖ್ಯೆ ಮೂಡುವಂತೆ ಮಾಡುವ ಕೈಚಳಕವೂ ಉಂಟು. ಫೋನು ಇಡುವುದು ಅಗೌರವವಲ್ಲ. ನಿಜವಾದ ಅಧಿಕಾರಿ ಅದಕ್ಕೆ ಬೇಸರಪಡುವುದಿಲ್ಲ. "ಇಡಬೇಡಿ, ಮನೆಯವರಿಗೂ ಹೇಳಬೇಡಿ" ಎಂದು ಒತ್ತಾಯಿಸುವವನು ಮೋಸಗಾರನೆಂದೇ ತಿಳಿಯಿರಿ.

ಎರಡನೆಯದಾಗಿ, 12 ಅಥವಾ 24 ಪದಗಳನ್ನಾಗಲಿ, ಓಟಿಪಿಯನ್ನಾಗಲಿ, ಪಿನ್ನನ್ನಾಗಲಿ ಯಾರಿಗೂ ಹೇಳಕೂಡದು. ಅವರು ಹೇಳಿದ ಆ್ಯಪನ್ನು ಮೊಬೈಲಿಗೆ ಇಳಿಸಿಕೊಳ್ಳಕೂಡದು. ಅದರಿಂದ ನಿಮ್ಮ ಪರದೆಯೇ ಅವರ ಕೈಗೆ ಹೋಗಬಹುದು. ಮೂರನೆಯದಾಗಿ, ಬ್ಯಾಂಕಿಗೆ ಒಂದು ಮೊಬೈಲ್ ಸಂಖ್ಯೆ, ಅಂಗಡಿ ಮುಂಗಟ್ಟುಗಳಿಗೆ ಇನ್ನೊಂದು ಎಂದು ಬೇರೆಬೇರೆ ಇಟ್ಟುಕೊಳ್ಳುವುದು ಸಾಧ್ಯವಾದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಪರಿಚಿತರಲ್ಲದವರು ನಿಮ್ಮನ್ನು ಗುಂಪುಗಳಿಗೆ ಸೇರಿಸದಂತೆಯೂ, ಅಪರಿಚಿತರ ಕರೆಗಳು ಸದ್ದು ಮಾಡದಂತೆಯೂ ಏರ್ಪಡಿಸುವ ಅನುಕೂಲವಿದೆ. ಮನೆಯ ಹುಡುಗರು ಎರಡು ನಿಮಿಷದಲ್ಲಿ ಮಾಡಿಕೊಡುತ್ತಾರೆ. ನಾಲ್ಕನೆಯದಾಗಿ, ಸಂಶಯದ ಕರೆ ಬಂದು ಹಣ ಹೋಗಿರದಿದ್ದರೂ ಸಂಚಾರ್ ಸಾಥಿ ತಾಣದ ಚಕ್ಷು ವಿಭಾಗದಲ್ಲಿ ತಿಳಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಮೊಬೈಲ್ ಸಂಪರ್ಕಗಳಿವೆಯೆಂಬುದನ್ನೂ ಆ ತಾಣದಲ್ಲಿ ನೋಡಬಹುದು.

ಹಣ ಹೋಗಿಯೇ ಬಿಟ್ಟಿದ್ದರೆ ಒಂದು ಗಳಿಗೆಯನ್ನೂ ಕಳೆಯದೆ 1930ಕ್ಕೆ ಕರೆ ಮಾಡಬೇಕು. ನಮ್ಮಲ್ಲಿ ಇಂಥ ಹಣ ಅನೇಕ ವೇಳೆ ಮೊದಲು ಯಾರದೋ ಬ್ಯಾಂಕು ಖಾತೆಗೆ ಹೋಗಿ, ಅಲ್ಲಿಂದ ಕ್ರಿಪ್ಟೋ ಆಗಿ ದೇಶ ದಾಟುತ್ತದೆ. ಬ್ಯಾಂಕಿನಲ್ಲಿರುವಷ್ಟು ಹೊತ್ತು ತಡೆಹಿಡಿಯಲು ಅವಕಾಶವುಂಟು. ದಾಟಿದ ಮೇಲೆ ಬಹಳ ಕಷ್ಟ. ಹಲವರು ನಾಚಿಕೆಯಿಂದ, ಮಕ್ಕಳು ಏನೆಂದಾರೋ ಎಂಬ ಅಂಜಿಕೆಯಿಂದ ಎರಡು ಮೂರು ದಿನ ಸುಮ್ಮನಿದ್ದುಬಿಡುತ್ತಾರೆ. ಆ ದಿನಗಳೇ ಮೋಸಗಾರನಿಗೆ ಬೇಕಾದುವು. ಇದರ ಹಿಂದಿರುವುದು ಒಬ್ಬ ಜಾಣ ಕಳ್ಳನಲ್ಲ, ದೊಡ್ಡ ಕಾರಖಾನೆಯಂಥ ವ್ಯವಸ್ಥೆ. ಮ್ಯಾನ್ಮಾರಿನ ಗಡಿಯಲ್ಲಿ ಇಂಥ ಕೇಂದ್ರಗಳಲ್ಲಿ ಸಿಕ್ಕಿಬಿದ್ದು ಬಿಡುಗಡೆಯಾದ 549 ಭಾರತೀಯರನ್ನು 2025ರ ಮಾರ್ಚಿನಲ್ಲಿ ನಮ್ಮ ಸರಕಾರ ವಿಮಾನದಲ್ಲಿ ಕರೆತಂದಿತು. ಉದ್ಯೋಗದ ಆಸೆಗೆ ಹೋದ ಎಷ್ಟೋ ಮಂದಿಯನ್ನು ಅಲ್ಲಿ ಬಲವಂತದಿಂದ ಈ ಕೆಲಸಕ್ಕೆ ಹಚ್ಚಲಾಗಿತ್ತು. ಅಂಥ ವ್ಯವಸ್ಥೆಯ ಮುಂದೆ ಒಬ್ಬರು ಸೋತರೆ ಅದು ಅವರ ದಡ್ಡತನವಲ್ಲ. ಮನೆಯವರು ಬೈಯುವುದನ್ನು ನಾಳೆಗಿಟ್ಟು ಮೊದಲು ಕರೆ ಮಾಡಿಸಬೇಕು.

ವಾಚಕರಲ್ಲಿ ಕೊನೆಗೆ ಒಂದು ಬಿನ್ನಹ. 1930 ಎಂಬ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ವಾಚನಾಲಯಕ್ಕೆ ಬರಲಾಗದ ಹಿರಿಯರು ನೆರೆಯಲ್ಲಿದ್ದರೆ ಈ ನಾಲ್ಕು ಮಾತುಗಳನ್ನು ಅವರಿಗೆ ಓದಿ ಹೇಳಿ.