ಊದುಗೊಳವೆ ಬಿಟ್ಟ ಗಾಜುಗಾರ

ಅಮೆರಿಕದ ಡೇಲ್ ಚಿಹೂಲಿ ಇಂಗ್ಲೆಂಡಿನಲ್ಲಿ 1976ರಲ್ಲಾದ ಕಾರು ಅಪಘಾತದಿಂದ ಎಡಗಣ್ಣು ಕಳೆದುಕೊಂಡರು. 1979ರಲ್ಲಿ ಕಡಲ ಅಲೆಗಳಲ್ಲಿ ಆಡುವಾಗ ಅವರ ಭುಜದ ಕೀಲು ತಪ್ಪಿತು. ಅಲ್ಲಿಗೆ ಊದುಗೊಳವೆ ಹಿಡಿಯುವುದನ್ನು ಬಿಟ್ಟರು. ಆದರೂ ಲಾಸ್ ವೇಗಸ್‌ನ ಬೆಲಾಜಿಯೊ ಹೋಟೆಲಿನ ಚಾವಣಿಯಲ್ಲಿ ಸುಮಾರು 2,000 ಗಾಜಿನ ಹೂಗಳು ಅರಳಿದ್ದು 1998ರಲ್ಲಿ, ಅವರದೇ ಹೆಸರಿನಲ್ಲಿ. ಇದು ಹೇಗೆ ಸಾಧ್ಯವಾಯಿತು? ಉತ್ತರ ಗಾಜಿನ ಗುಣದಲ್ಲೇ ಇದೆ.

ಮರಳು ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಸೋಡಾ ಬೆರೆಸಿದರೆ ಅಷ್ಟು ಕಾವು ಬೇಡ; ಸುಣ್ಣದಕಲ್ಲು ಸೇರಿಸಿದರೆ ಗಾಜು ನೀರಿಗೆ ಜಗ್ಗದೆ ಉಳಿಯುತ್ತದೆ. ಕುಲುಮೆಯಲ್ಲಿ ಸುಮಾರು 1,100 ಡಿಗ್ರಿಯಲ್ಲಿರುವ ಈ ಗಾಜು ಬೆಲ್ಲದ ಪಾಕದಂತೆ. ಉಕ್ಕಿನ ಕೊಳವೆಯ ತುದಿಯನ್ನು ಅದರಲ್ಲಿ ಅದ್ದಿ ತಿರುಗಿಸಿದರೆ ಮುದ್ದೆಯಾಗಿ ಸುತ್ತಿಕೊಳ್ಳುತ್ತದೆ. ತಿರುಗಿಸುವುದನ್ನು ನಿಲ್ಲಿಸಿದರೆ ಜೋತುಬೀಳುತ್ತದೆ.

ಮುದ್ದೆಯನ್ನು ಉಕ್ಕಿನ ಹಲಗೆಯ ಮೇಲೆ ಉರುಳಿಸಿ, ಕೊಳವೆಯ ಬಾಯಿಂದ ಮೆಲ್ಲಗೆ ಊದಿದರೆ ಒಳಗೊಂದು ಗುಳ್ಳೆ ಏಳುತ್ತದೆ. ನೆನೆಸಿದ ಮರದ ಸೌಟಿನಲ್ಲೋ ಒದ್ದೆ ಪತ್ರಿಕೆಯ ಮಡಿಕೆಯಲ್ಲೋ ಸವರಿ ಆಕಾರ ಕೊಡುತ್ತಾರೆ. ಅಷ್ಟರಲ್ಲಿ ಗಾಜು ಬಿಗಿಯತೊಡಗುತ್ತದೆ, ಮತ್ತೆ ಕಾಯಿಸಬೇಕು. ಬಾಯಿ ಅಗಲಿಸಬೇಕಾದಾಗ ಇನ್ನೊಬ್ಬರು ಬಿಸಿಗಾಜಿನ ಹನಿ ಹತ್ತಿದ ಸರಳನ್ನು ತಂದು ತಳಕ್ಕೆ ಅಂಟಿಸುತ್ತಾರೆ. ಕುತ್ತಿಗೆಯ ಬಳಿ ಒಂದು ಸಣ್ಣ ಪೆಟ್ಟು ಕೊಟ್ಟರೆ ಕೊಳವೆ ಬೇರೆಯಾಗುತ್ತದೆ. ಈ ಕೈಬದಲಿನಲ್ಲಿ ಎಚ್ಚರ ತಪ್ಪಿದರೆ ಅಷ್ಟೂ ಶ್ರಮ ನೆಲದ ಪಾಲು.

ಮುಗಿದ ಪಾತ್ರೆಯನ್ನು ಗಾಳಿಗಿಟ್ಟರೆ ಹೊರಮೈ ಮೊದಲು ತಣಿದು ಕುಗ್ಗುತ್ತದೆ, ಒಳಮೈ ಹಿಂದೆ ಬೀಳುತ್ತದೆ. ಆ ಎಳೆದಾಟಕ್ಕೆ ಗಾಜು ಸೀಳುತ್ತದೆ. ಅದಕ್ಕೇ ಸುಮಾರು 480 ಡಿಗ್ರಿಯ ಪೆಟ್ಟಿಗೆಯಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ. ಲೋಟಕ್ಕೆ ಒಂದು ರಾತ್ರಿ ಸಾಕು. ದಪ್ಪನೆಯ ಕೃತಿಗೆ ದಿನಗಳೇ ಬೇಕು.

ತಿರುಗಿಸಲು, ಊದಲು, ಕಾಯಿಸಲು, ಸರಳು ತರಲು ಎರಡು ಕೈ ಸಾಲವು. 1962ರಲ್ಲಿ ಟೊಲೆಡೊ ಮ್ಯೂಸಿಯಂನ ಕಾರ್ಯಾಗಾರಗಳಲ್ಲಿ ಹಾರ್ವಿ ಲಿಟಲ್‌ಟನ್ ಪುಟ್ಟ ಕುಲುಮೆ ಹೂಡಿದ್ದು, ಕಾರ್ಖಾನೆಯ ಹಂಗಿಲ್ಲದೆ ಕಲಾವಿದ ತಾನೇ ಗಾಜು ಊದಲಿ ಎಂದು. ಅವರ ಶಿಷ್ಯ ಚಿಹೂಲಿ 1968ರಲ್ಲಿ ವೆನಿಸ್ಸಿನ ಮುರಾನೊ ದ್ವೀಪದ ವೆನಿನಿ ಕಾರ್ಖಾನೆಗೆ ಹೋದಾಗ ಕಂಡದ್ದು ಬೇರೆ ರೀತಿ: ಒಬ್ಬ ಮೇಸ್ತ್ರಿ, ಸುತ್ತ ಹೇಳದೆಯೇ ಅರಿಯುವ ಸಹಾಯಕರು. ಆ ಕ್ರಮವನ್ನು ಅವರು ಅಮೆರಿಕಕ್ಕೆ ಒಯ್ದರು. 1971ರಲ್ಲಿ ಸಿಯಾಟಲ್‌ನ ಉತ್ತರಕ್ಕೆ ಪಿಲ್ಚಕ್ ಗಾಜು ಶಾಲೆಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಭುಜ ಕೈಕೊಟ್ಟಾಗ ತಂಡ ಸಿದ್ಧವಿತ್ತು. ಮನಸ್ಸಿನ ಆಕಾರವನ್ನು ಅವರು ದೊಡ್ಡ ಕಾಗದದ ಮೇಲೆ ಬಣ್ಣ ಸುರಿದು ತೋರಿಸಿದರು, ತಂಡ ಊದಿತು.

ಕೈಯಲ್ಲಿ ಊದಿದ ಹೂಜಿಯೊಂದು ಸಿಕ್ಕರೆ ತಳವನ್ನು ಬೆರಳಿನಿಂದ ಸವರಿ ನೋಡಿ. ಉಜ್ಜಿ ನುಣುಪು ಮಾಡಿರದಿದ್ದರೆ ನಡುವೆ ಒರಟು ಗುರುತೊಂದು ತಾಗುತ್ತದೆ. ಅಲ್ಲಿ ಸರಳು ಅಂಟಿತ್ತು.